ಸೀರಿಯಲ್ ಪೋರ್ಟ್ ಮೌನವಾದಾಗ: ಡೆವಲಪ್‌ಮೆಂಟ್ ಬೋರ್ಡಿನಲ್ಲಿ ದೋಷ ಹುಡುಕುವ ಕ್ರಮ

ಸೀರಿಯಲ್ ಪೋರ್ಟ್ ಎಂದರೆ ಬೋರ್ಡ್ ಮತ್ತು ಕಂಪ್ಯೂಟರ್ ಒಂದೊಂದೇ ಬಿಟ್ ಆಗಿ ಅಕ್ಷರ ಕಳಿಸಿ ಪಡೆಯುವ ದಾರಿ. "ಸೀರಿಯಲ್ ಬರುತ್ತಿಲ್ಲ" ಎಂಬ ಒಂದೇ ದೂರಿನಡಿ ನಾಲ್ಕು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ: ಪರದೆ ಪೂರ್ತಿ ಖಾಲಿ, ಅಕ್ಷರದ ಬದಲು ಕಸ, ಒಂದೇ ದಿಕ್ಕಿನಲ್ಲಿ ಸಂವಹನ, ಸ್ವಲ್ಪ ಹೊತ್ತು ಓಡಿ ನಿಂತುಬಿಡುವುದು. ಇವುಗಳ ಕಾರಣಗಳು ಒಂದಕ್ಕೊಂದು ಅಷ್ಟಾಗಿ ಸೇರುವುದಿಲ್ಲ. ಹಾಗಾಗಿ ನಿಮ್ಮದು ಯಾವುದು ಎಂದು ಮೊದಲು ಗುರುತಿಸಿ, ಆಮೇಲೆ ಅಳತೆಗೆ ಇಳಿಯಿರಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಫರ್ಮ್‌ವೇರ್ (ಬೋರ್ಡಿನ ಪ್ರೊಸೆಸರಿನಲ್ಲಿ ಓಡುವ ಪ್ರೋಗ್ರಾಂ) ತೆರೆದು ಒಂದೊಂದೇ ಸಾಲು ಬದಲಿಸುತ್ತ ಕೂರುತ್ತಾರೆ. ದೋಷ ತಂತಿಯಲ್ಲಿದ್ದರೆ ಇದರಿಂದ ಸರಿಯಿದ್ದ ಕೋಡೂ ಕೆಟ್ಟು, ಒಂದು ದೋಷ ಇದ್ದಲ್ಲಿ ಎರಡಾಗುತ್ತವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಮಲ್ಟಿಮೀಟರ್, 3.3 ವೋಲ್ಟಿನ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ನಾಲ್ಕು ಜಂಪರ್ ತಂತಿ, 1 ಕಿಲೋ ಓಮ್‌ನ ಮೂರು ರೆಸಿಸ್ಟರ್, ಬೋರ್ಡಿನ ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ). ಸ್ಕೋಪ್ (ಆಸಿಲೋಸ್ಕೋಪ್) ಅಥವಾ ಲಾಜಿಕ್ ಅನಲೈಸರ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಇಲ್ಲದಿದ್ದರೂ ಬಹುಪಾಲು ದೋಷಗಳು ಸಿಗುತ್ತವೆ. ಸ್ಕೀಮ್ಯಾಟಿಕ್ ಇಲ್ಲದೆ ಮಾತ್ರ ಶುರು ಮಾಡಬೇಡಿ. ಬೋರ್ಡಿನ ಮೇಲೆ ಅಚ್ಚಾಗಿರುವ ಟಿಎಕ್ಸ್ (ಕಳಿಸುವುದು) ಎಂಬ ಹೆಸರು ಪ್ರೊಸೆಸರ್ ಕಳಿಸುವ ಪಿನ್ನೋ ಅಥವಾ ಎದುರಿನ ಅಡಾಪ್ಟರಿನ ಟಿಎಕ್ಸ್ ಅನ್ನು ಜೋಡಿಸಬೇಕಾದ ಜಾಗವೋ ಎಂಬುದು ಖಚಿತವಾಗುವುದು ಅದರಲ್ಲಿ ಮಾತ್ರ.

ಮೊದಲು: ಸಿಗ್ನಲ್ ಯಾವ ಬಗೆಯದು?

ತಂತಿ ಜೋಡಿಸುವ ಮುನ್ನ ಮೀಟರಿನ ಕಪ್ಪು ಕಡ್ಡಿಯನ್ನು ಬೋರ್ಡಿನ ಗ್ರೌಂಡಿಗೂ ಕೆಂಪು ಕಡ್ಡಿಯನ್ನು ಟಿಎಕ್ಸ್ ಪಿನ್ನಿಗೂ ಮುಟ್ಟಿಸಿ. ಏನೂ ಕಳಿಸದೆ ಸುಮ್ಮನಿರುವಾಗ ಪ್ರೊಸೆಸರಿನ ಯುಎಆರ್‌ಟಿ (ಸೀರಿಯಲ್ ಸಂವಹನ ನಡೆಸುವ ಭಾಗ) ಲೈನ್ ಹೈ ಆಗಿರುತ್ತದೆ, ಅಂದರೆ 3.3 ವೋಲ್ಟ್; ಹಳೆಯ ಬೋರ್ಡಾದರೆ 5, ಕೆಲವು ಪ್ರೊಸೆಸರ್ ಮಾಡ್ಯೂಲ್‌ಗಳಲ್ಲಿ 1.8. ಆರ್‌ಎಸ್-232 (ಹಳೆಯ ಕಂಪ್ಯೂಟರ್ ಪೋರ್ಟುಗಳ ಸೀರಿಯಲ್ ಮಾನದಂಡ) ಲೈನ್ ಇದಕ್ಕೆ ತದ್ವಿರುದ್ಧ: ಸುಮ್ಮನಿರುವಾಗ ನೆಗೆಟಿವ್, ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 10 ವೋಲ್ಟಿನ ನಡುವೆ. ಒಂಬತ್ತು ಪಿನ್ನಿನ ಕನೆಕ್ಟರ್ ಇದ್ದ ಮಾತ್ರಕ್ಕೆ ಅದು ಆರ್‌ಎಸ್-232 ಎಂದೂ ನಾಲ್ಕು ಪಿನ್ನಿನ ಹೆಡರ್ ಇದ್ದ ಮಾತ್ರಕ್ಕೆ 3.3 ವೋಲ್ಟ್ ಎಂದೂ ನಂಬಬೇಡಿ. ಅಳೆದು ನೋಡಿ.

ಈ ಎರಡನ್ನೂ ನೇರವಾಗಿ ಜೋಡಿಸಿದರೆ ಪ್ರೊಸೆಸರಿನ ಪಿನ್ ಸುಡುವ ಅಪಾಯವಿದೆ. ಸುಡದೆ ಉಳಿದರೂ ಬಿಟ್‌ಗಳು ತಲೆಕೆಳಗಾಗಿ ಓದಿಸಿಕೊಳ್ಳುತ್ತವೆ. ಅದರ ಗುರುತು ಹೀಗೆ: ಯಾವ ಬಾಡ್ ದರ (ಸೆಕೆಂಡಿಗೆ ಎಷ್ಟು ಬಿಟ್ ಎಂಬ ವೇಗ) ಇಟ್ಟರೂ ಕಸವೇ ಬರುತ್ತದೆ, ಒಂದು ದರದಲ್ಲೂ ಸರಿಹೋಗುವ ಸೂಚನೆಯೇ ಇರುವುದಿಲ್ಲ.

5 ವೋಲ್ಟಿನ ಟಿಎಕ್ಸ್ ಅನ್ನು 3.3 ವೋಲ್ಟಿನ ಆರ್‌ಎಕ್ಸ್‌ಗೆ (ಪಡೆಯುವ ಪಿನ್ನಿಗೆ) ಕೊಡಬೇಕಾದರೆ ಸರಣಿಯಲ್ಲಿ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮ್ ಹಾಕಿ (1 ಕಿಲೋ ಓಮ್‌ನ ಎರಡನ್ನು ಸರಣಿಯಲ್ಲಿ ಸೇರಿಸಿದರೂ ಆಯಿತು). ಪಿನ್ನಿಗೆ ಸಿಗುವುದು ಸುಮಾರು 3.3. ರಾಸ್ಪ್‌ಬೆರಿ ಪೈ ಪಿನ್ನುಗಳಿಗೆ 5 ವೋಲ್ಟ್ ತಡೆದುಕೊಳ್ಳುವ ಶಕ್ತಿ ಇಲ್ಲವೇ ಇಲ್ಲ. ಅಡಾಪ್ಟರ್ ಮೇಲಿರುವ 3.3/5 ಜಂಪರ್ ಬಗ್ಗೆ ಒಂದು ಎಚ್ಚರಿಕೆ: ಕೆಲವು ಮಾಡ್ಯೂಲ್‌ಗಳಲ್ಲಿ ಅದು ಬದಲಿಸುವುದು ವಿಸಿಸಿ (ಪವರ್) ಪಿನ್ನಿನ ವೋಲ್ಟೇಜನ್ನು ಮಾತ್ರ, ಸಿಗ್ನಲಿನ ಮಟ್ಟವನ್ನಲ್ಲ. ಅಡಾಪ್ಟರಿನ ಟಿಎಕ್ಸ್ ಪಿನ್ನನ್ನೂ ಅಳೆದೇ ಜೋಡಿಸಿ. ಬೋರ್ಡಿಗೆ ಬೇರೆ ಪವರ್ ಇದ್ದರೆ ವಿಸಿಸಿ ತಂತಿ ಬೇಡ. ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್ ಮೂರು ಸಾಕು. ಗ್ರೌಂಡ್ ಮರೆತರೆ ಒಮ್ಮೊಮ್ಮೆ ಕೆಲಸ ಮಾಡಿದಂತೆ ಕಾಣುತ್ತದೆ, ಲ್ಯಾಪ್‌ಟಾಪಿನ ಚಾರ್ಜರ್ ತೆಗೆದ ಕೂಡಲೇ ಕಸ ಶುರುವಾಗುತ್ತದೆ.

ಕಂಪ್ಯೂಟರ್ ಬದಿಯನ್ನು ಪಕ್ಕಕ್ಕಿಡುವುದು

ಅಡಾಪ್ಟರನ್ನು ಬೋರ್ಡಿನಿಂದ ಬಿಡಿಸಿ, ಅದರ ಟಿಎಕ್ಸ್ ಮತ್ತು ಆರ್‌ಎಕ್ಸ್ ಎರಡನ್ನೂ ಒಂದು ಜಂಪರಿನಿಂದ ಸೇರಿಸಿ. ಟರ್ಮಿನಲ್ ಪ್ರೋಗ್ರಾಮಿನಲ್ಲಿ ಲೋಕಲ್ ಎಕೊ (ಒತ್ತಿದ ಅಕ್ಷರವನ್ನು ಪ್ರೋಗ್ರಾಮೇ ಪರದೆಗೆ ತೋರಿಸುವುದು) ಆಫ್ ಇರಲಿ. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಿದರೆ ಪ್ರೋಗ್ರಾಂ, ಡ್ರೈವರ್, ಯುಎಸ್‌ಬಿ ಕೇಬಲ್, ಅಡಾಪ್ಟರ್ ಎಲ್ಲವೂ ಸರಿಯಿವೆ. ಜಂಪರ್ ಕಿತ್ತಾಗ ಮೂಡುವುದು ನಿಲ್ಲಬೇಕು. ನಿಲ್ಲದಿದ್ದರೆ ನೀವು ನೋಡುತ್ತಿರುವುದು ಲೋಕಲ್ ಎಕೊ ಅಷ್ಟೇ. ಈ ಪರೀಕ್ಷೆ ಬಾಡ್ ದರದ ತಪ್ಪನ್ನು ಹಿಡಿಯುವುದಿಲ್ಲ, ಏಕೆಂದರೆ ಕಳಿಸುವುದೂ ಪಡೆಯುವುದೂ ಒಂದೇ ಗಡಿಯಾರದಲ್ಲಿ ನಡೆಯುತ್ತದೆ.

ಅಕ್ಷರ ಮೂಡದಿದ್ದರೆ ಮೊದಲ ಅನುಮಾನ ಫ್ಲೋ ಕಂಟ್ರೋಲ್ (ಎದುರು ಬದಿ ಸಿದ್ಧವಾಗುವವರೆಗೆ ಕಳಿಸದೆ ತಡೆಯುವ ಏರ್ಪಾಡು) ಮೇಲಿರಲಿ. ಮಿನಿಕಾಮ್ ಎಂಬ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಮೊದಲಿಂದಲೇ ಆನ್ ಆಗಿರುತ್ತದೆ. ಸಿಟಿಎಸ್ (ಕಳಿಸಬಹುದು ಎಂದು ಹೇಳುವ) ತಂತಿ ಜೋಡಿಸಿರದಿದ್ದರೆ ಅದು ಒಂದು ಅಕ್ಷರವನ್ನೂ ಹೊರಗೆ ಬಿಡದಿರಬಹುದು, ಬರುವ ಅಕ್ಷರಗಳು ಮಾತ್ರ ಸರಿಯಾಗಿ ಕಾಣುತ್ತವೆ. ಸೀರಿಯಲ್ ಪೋರ್ಟ್ ಸೆಟಪ್ ಪುಟದಲ್ಲಿ ಎಫ್ ಒತ್ತಿ ಅದನ್ನು ಆಫ್ ಮಾಡಿ. "ಬೋರ್ಡಿನ ಸಂದೇಶ ಬರುತ್ತದೆ, ನಾನು ಟೈಪ್ ಮಾಡಿದ್ದು ಹೋಗುವುದಿಲ್ಲ" ಎನ್ನುವವರು ಬೇರೆಲ್ಲಕ್ಕಿಂತ ಮೊದಲು ಇಲ್ಲಿ ನೋಡಬೇಕು.

ಪೋರ್ಟೇ ಕಾಣಿಸದಿದ್ದರೆ ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಚಾರ್ಜಿಂಗಿಗೆಂದೇ ಮಾಡಿದ ಕೇಬಲಿನಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಲಿನಕ್ಸಿನಲ್ಲಿ ಕೇಬಲ್ ಚುಚ್ಚಿದ ತಕ್ಷಣ ಕರ್ನಲ್ ಲಾಗ್ ಓದಿ. ಎಫ್‌ಟಿ232, ಸಿಪಿ2102, ಸಿಎಚ್340 ಚಿಪ್‌ಗಳು ಟಿಟಿವೈಯುಎಸ್‌ಬಿ0 ಎಂದು ಬರುತ್ತವೆ; ಎಸ್‌ಟಿ-ಲಿಂಕ್‌ನಂಥ (ಎಸ್‌ಟಿ ಕಂಪನಿಯ ಬೋರ್ಡುಗಳ ಡಿಬಗ್ಗರ್) ಸಿಡಿಸಿ ಸಾಧನಗಳು ಟಿಟಿವೈಎಸಿಎಂ0 ಎಂದು. ಸಿಎಚ್340 ಬಂದು ಮರುಕ್ಷಣವೇ ಮಾಯವಾದರೆ, ಅದೂ ಉಬುಂಟು 22.04ರಲ್ಲಿ, ಬ್ರೈಲ್ ಪರದೆಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಅದನ್ನು ತನ್ನದೆಂದು ತಪ್ಪಾಗಿ ಹಿಡಿದುಕೊಂಡಿರುತ್ತದೆ. ಬ್ರೈಲ್ ಸಾಧನ ಬಳಸದವರು ಆ ಪ್ಯಾಕೇಜ್ ತೆಗೆದರೆ ಪೋರ್ಟ್ ಮಾಯವಾಗದೆ ಉಳಿಯುತ್ತದೆ. ಅನುಮತಿ ಇಲ್ಲ ಎಂಬ ಸಂದೇಶ ಬಂದರೆ ಬಳಕೆದಾರರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ಮ್ಯಾಕ್‌ನಲ್ಲಿ ಟಿಟಿವೈ ಬದಲು ಸಿಯು ಎಂದು ಶುರುವಾಗುವ ಹೆಸರನ್ನೇ ಆರಿಸಿ. ಟಿಟಿವೈ ಹೆಸರಿನದು ಕ್ಯಾರಿಯರ್ ಸಿಗ್ನಲಿಗಾಗಿ ಕಾಯುತ್ತ ತೆರೆಯದೆ ಉಳಿಯಬಹುದು.

ಬೋರ್ಡ್ ಬದಿ: ಅಕ್ಷರ ಪಿನ್ನಿನವರೆಗೆ ಬಂದಿದೆಯೇ?

ಮೇಲಿನ ಜಂಪರ್ ಪರೀಕ್ಷೆ (ಲೂಪ್‌ಬ್ಯಾಕ್) ಗೆದ್ದರೆ ದೋಷ ತಂತಿಯಲ್ಲಿ ಅಥವಾ ಬೋರ್ಡಿನಲ್ಲಿದೆ ಎಂದಾಯಿತು. ಈಗ ಫರ್ಮ್‌ವೇರಿನಲ್ಲಿ ಒಂದೇ ಕೆಲಸ ಇಡಿ: ಹೆಕ್ಸ್ 55, ಅಂದರೆ ಇಂಗ್ಲಿಷಿನ ದೊಡ್ಡ ಯು ಅಕ್ಷರವನ್ನು ಬಿಡುವಿಲ್ಲದೆ ಕಳಿಸುತ್ತಿರಲಿ. ಈ ಅಕ್ಷರವನ್ನೇ ಆರಿಸಲು ಕಾರಣವಿದೆ. ಸ್ಟಾರ್ಟ್ ಬಿಟ್ 0. ಆಮೇಲೆ ಕೆಳಗಿನ ಬಿಟ್ ಮೊದಲಾಗಿ 1, 0, 1, 0, 1, 0, 1, 0. ಕೊನೆಗೆ ಸ್ಟಾಪ್ ಬಿಟ್ 1. ಹತ್ತೂ ಬಿಟ್‌ಗಳು ಒಂದು ಬಿಟ್ಟು ಒಂದು ಬದಲಾಗುವುದರಿಂದ ಅಚ್ಚುಕಟ್ಟಾದ ಚೌಕ ಅಲೆ ಸಿಗುತ್ತದೆ. ಸ್ಕೋಪಿನಲ್ಲಿ 115200 ಬಾಡ್‌ಗೆ ಪ್ರತಿ ಬಿಟ್ 8.68 ಮೈಕ್ರೊಸೆಕೆಂಡ್, ಅಲೆಯ ಆವರ್ತನ 57.6 ಕಿಲೋಹರ್ಟ್ಜ್; 9600ಕ್ಕೆ ಬಿಟ್ 104 ಮೈಕ್ರೊಸೆಕೆಂಡ್, ಆವರ್ತನ 4.8 ಕಿಲೋಹರ್ಟ್ಜ್. ಸ್ಕೋಪ್ ಇಲ್ಲದಿದ್ದರೆ ಡಿಸಿ ವೋಲ್ಟಿನಲ್ಲಿಟ್ಟ ಮೀಟರೇ ಸಾಕು: ಅರ್ಧ ಹೊತ್ತು ಹೈ, ಅರ್ಧ ಹೊತ್ತು ಲೋ ಆದ್ದರಿಂದ 3.3 ವೋಲ್ಟಿನ ಪಿನ್ನಿನಲ್ಲಿ 1.65ರ ಆಸುಪಾಸು ತೋರಿಸುತ್ತದೆ. ಆವರ್ತನ ಅಳೆಯುವ ಮೀಟರಾದರೆ ಬಾಡ್ ದರವೇ ಗೊತ್ತಾಗುತ್ತದೆ. ಓದಿದ ಸಂಖ್ಯೆಯನ್ನು ಎರಡರಿಂದ ಗುಣಿಸಿ.

3.3ರಲ್ಲೇ ಅಲುಗಾಡದೆ ನಿಂತಿದ್ದರೆ ಪಿನ್ ಸಿದ್ಧವಾಗಿದೆ, ಡೇಟಾ ಹೊರಡುತ್ತಿಲ್ಲ. 0 ಇದ್ದರೆ ಅಥವಾ ಬೆರಳು ಹತ್ತಿರ ತಂದಾಗ ಓದು ಅಲೆದಾಡಿದರೆ ಪಿನ್ ಯುಎಆರ್‌ಟಿಗೆ ಒಪ್ಪಿಸಿಯೇ ಇಲ್ಲ. ಎಸ್‌ಟಿಎಂ32 ಪ್ರೊಸೆಸರುಗಳಲ್ಲಿ ಇದಕ್ಕೆ ಎರಡು ಮಾಮೂಲಿ ಕಾರಣಗಳಿವೆ. ಒಂದು, ಆ ಯುಎಆರ್‌ಟಿಗೆ ಅಥವಾ ಆ ಜಿಪಿಐಒ ಪೋರ್ಟಿಗೆ ಕ್ಲಾಕ್ ಆನ್ ಮಾಡಿಲ್ಲ. ಡಿಬಗ್ಗರಿನಲ್ಲಿ ಏನು ಬರೆದರೂ ರೆಜಿಸ್ಟರ್ ಸೊನ್ನೆಯನ್ನೇ ತೋರಿಸುತ್ತಿದ್ದರೆ ಇದೇ. ಎರಡು, ಆಲ್ಟರ್ನೇಟ್ ಫಂಕ್ಷನ್ ಸಂಖ್ಯೆ (ಎಎಫ್, ಅಂದರೆ ಪಿನ್ ಯಾವ ಕೆಲಸಕ್ಕೆ ಎಂದು ಹೇಳುವುದು) ತಪ್ಪು. ಎಫ್4 ಸರಣಿಯಲ್ಲಿ ಯುಎಸ್‌ಎಆರ್‌ಟಿ 1, 2, 3ಕ್ಕೆ ಎಎಫ್7; ಯುಎಆರ್‌ಟಿ 4, 5 ಮತ್ತು ಯುಎಸ್‌ಎಆರ್‌ಟಿ 6ಕ್ಕೆ ಎಎಫ್8. ಒಂದರ ಕೋಡನ್ನು ಇನ್ನೊಂದಕ್ಕೆ ನಕಲು ಮಾಡುವಾಗ ಈ ಸಂಖ್ಯೆ ಹಾಗೇ ಉಳಿದುಬಿಡುತ್ತದೆ.

ಪ್ರಿಂಟ್‌ಎಫ್ ಬಳಸಿದ್ದರೆ ಇನ್ನೊಂದು ಸಾಧ್ಯತೆ ಇದೆ. ನ್ಯೂಲಿಬ್ ಲೈಬ್ರರಿ ಪಠ್ಯವನ್ನು ಬಫರಿನಲ್ಲಿ ಕೂಡಿಟ್ಟು, ಸಾಲು ಮುಗಿದಾಗಷ್ಟೇ ಕಳಿಸುವಂತೆ ಇರಬಹುದು. ಸಾಲಿನ ಕೊನೆಗೆ ನ್ಯೂಲೈನ್ ಸೇರಿಸಿ ನೋಡಿ ಅಥವಾ ಎಫ್‌ಫ್ಲಶ್ ಕರೆಯಿರಿ.

ಪಿನ್ನಿನಲ್ಲಿ ಅಲೆ ಇದೆ, ಕನೆಕ್ಟರಿನಲ್ಲಿ ಇಲ್ಲ ಎಂದಾದರೆ ನಡುವೆ ಇರುವುದನ್ನು ನೋಡಿ: ಜಂಪರ್, ಸೋಲ್ಡರ್ ಬ್ರಿಜ್, ಮಟ್ಟ ಬದಲಿಸುವ ಚಿಪ್. ನ್ಯೂಕ್ಲಿಯೊ-64 ಬೋರ್ಡುಗಳು (ಎಫ್401ಆರ್‌ಇ, ಎಫ್446ಆರ್‌ಇ ಮುಂತಾದವು) ಇಲ್ಲಿ ಬಹಳ ಜನರನ್ನು ಸತಾಯಿಸುತ್ತವೆ. ಪಿಎ2, ಪಿಎ3 ಪಿನ್ನುಗಳು ಎಸ್‌ಬಿ13, ಎಸ್‌ಬಿ14 ಎಂಬ ಸೋಲ್ಡರ್ ಬ್ರಿಜ್‌ಗಳ ಮೂಲಕ ಎಸ್‌ಟಿ-ಲಿಂಕ್‌ಗೆ ಹೋಗಿವೆ. ಡಿ0, ಡಿ1 ಎಂದು ಅಚ್ಚಾದ ಹೆಡರಿಗೆ ಹೋಗುವ ಎಸ್‌ಬಿ62, ಎಸ್‌ಬಿ63 ಕಾರ್ಖಾನೆಯಿಂದಲೇ ತೆರೆದಿವೆ. ಡಿ1ಕ್ಕೆ ಏನನ್ನು ಜೋಡಿಸಿದರೂ ಅದು ಪ್ರೊಸೆಸರಿಗೆ ಮುಟ್ಟುವುದೇ ಇಲ್ಲ. ಬ್ರಿಜ್ ಬೆಸೆಯಬಹುದು, ಆದರೆ ಹೊರಗಿನ ಸಾಧನಕ್ಕೆ ಯುಎಸ್‌ಎಆರ್‌ಟಿ1 ಬಳಸುವುದು ಹೆಚ್ಚು ಜಾಣತನ. ನ್ಯೂಕ್ಲಿಯೊ-144ರಲ್ಲಿ ಎಸ್‌ಟಿ-ಲಿಂಕ್‌ಗೆ ಸಿಕ್ಕಿರುವುದು ಯುಎಸ್‌ಎಆರ್‌ಟಿ3, ಪಿಡಿ8 ಮತ್ತು ಪಿಡಿ9.

ಆರ್‌ಎಸ್-232 ಚಿಪ್ ಮ್ಯಾಕ್ಸ್3232 ಅಥವಾ ಮ್ಯಾಕ್ಸ್232 ಆಗಿದ್ದರೆ ಮೀಟರಿನಿಂದಲೇ ತೀರ್ಪು ಕೊಡಬಹುದು. 16ನೇ ಪಿನ್ ಪವರ್, 15 ಗ್ರೌಂಡ್. 2ನೇ ಪಿನ್ನಿನಲ್ಲಿ ಪಾಸಿಟಿವ್, 6ನೇ ಪಿನ್ನಿನಲ್ಲಿ ನೆಗೆಟಿವ್ ವೋಲ್ಟೇಜ್ ಇರಲೇಬೇಕು: ಮ್ಯಾಕ್ಸ್3232ರಲ್ಲಿ ಸುಮಾರು 5.5 ಮತ್ತು ಮೈನಸ್ 5.5, ಮ್ಯಾಕ್ಸ್232ರಲ್ಲಿ 8ರಿಂದ 10 ಮತ್ತು ಅಷ್ಟೇ ಮೈನಸ್. 6ನೇ ಪಿನ್ 0ಯ ಹತ್ತಿರವಿದ್ದರೆ ಚಾರ್ಜ್ ಪಂಪ್ (ಈ ವೋಲ್ಟೇಜುಗಳನ್ನು ತಯಾರಿಸುವ ಭಾಗ) ಓಡುತ್ತಿಲ್ಲ. ಆಗ ಚಿಪ್ ಬದಲಿಸುವ ಮುನ್ನ ಕೆಪಾಸಿಟರ್ ನೋಡಿ. ಮೂಲ ಮ್ಯಾಕ್ಸ್232ಕ್ಕೆ 1 ಮೈಕ್ರೊಫ್ಯಾರಡ್ ಬೇಕು, ಮ್ಯಾಕ್ಸ್3232ಕ್ಕೆ 0.1 ಸಾಕು. ಎಲೆಕ್ಟ್ರೊಲಿಟಿಕ್ ಹಾಕಿದ್ದರೆ 6ನೇ ಪಿನ್ನಿನ ಕೆಪಾಸಿಟರಿನ ಪ್ಲಸ್ ತುದಿ ಗ್ರೌಂಡಿಗೆ ಬರಬೇಕು. ಕೈಯಿಂದ ಬೆಸೆದ ಬೋರ್ಡುಗಳಲ್ಲಿ ಇದು ಉಲ್ಟಾ ಆಗಿರುವುದು ಮತ್ತೆ ಮತ್ತೆ ಸಿಗುವ ತಪ್ಪು. ಪಂಪ್ ಸರಿಯಿದ್ದರೆ 11ನೇ ಪಿನ್ನಿಗೆ ಹೋದದ್ದು 14ರಲ್ಲಿ ತಲೆಕೆಳಗಾಗಿ ಹೊರಬರಬೇಕು, 13ಕ್ಕೆ ಬಂದದ್ದು 12ರಲ್ಲಿ. ಕೊನೆಗೆ ಕೇಬಲ್: ಕಂಪ್ಯೂಟರಿನ ಒಂಬತ್ತು ಪಿನ್ ಕನೆಕ್ಟರಿನಲ್ಲಿ 2 ಪಡೆಯುವುದು, 3 ಕಳಿಸುವುದು, 5 ಗ್ರೌಂಡ್. ಬೋರ್ಡಿನ 2ನೇ ಪಿನ್ನಿನಲ್ಲಿ ನೆಗೆಟಿವ್ ವೋಲ್ಟೇಜ್ ಇಲ್ಲದೆ 3ರಲ್ಲಿ ಇದ್ದರೆ ಬೇಕಿರುವುದು ನಲ್ ಮೋಡೆಮ್ ಕೇಬಲ್ (2 ಮತ್ತು 3 ಅದಲುಬದಲಾದದ್ದು), ನೇರ ಕೇಬಲ್ ಅಲ್ಲ.

ಕಸ ಬಂದರೆ ಅದನ್ನು ಓದಿ

ಕಸ ಬರುವುದು ಒಳ್ಳೆಯ ಸುದ್ದಿ. ಪವರ್, ತಂತಿ, ಪಿನ್ ಬಹುಪಾಲು ಸರಿಯಿದ್ದು ಸಮಯ ಅಥವಾ ಫ್ರೇಮ್ ಮಾತ್ರ ತಪ್ಪಿದೆ. ಅಲ್ಲದೆ ಕಸಕ್ಕೂ ಒಂದು ಸ್ವರೂಪ ಇರುತ್ತದೆ, ಹೆಕ್ಸ್ ರೂಪದಲ್ಲಿ ತೋರಿಸುವ ಟರ್ಮಿನಲಿನಲ್ಲಿ ಅದನ್ನು ನೋಡಬೇಕು.

ಕಳಿಸಿದ್ದಕ್ಕಿಂತ ಹೆಚ್ಚು ಬೈಟ್‌ಗಳು, ಅವುಗಳಲ್ಲಿ 00ಗಳೇ ಜಾಸ್ತಿ ಇದ್ದರೆ ಟರ್ಮಿನಲ್ ಬೋರ್ಡಿಗಿಂತ ವೇಗವಾಗಿದೆ: ಬೋರ್ಡಿನ ಉದ್ದನೆಯ ಒಂದು ಲೋ ಬಿಟ್ ಟರ್ಮಿನಲಿಗೆ ಇಡೀ ಬೈಟಿನಂತೆ ಕಾಣುತ್ತಿದೆ. ಬೈಟ್‌ಗಳು ಕಡಿಮೆಯಿದ್ದು ಎಫ್‌ಎಫ್, ಎಫ್‌ಇಯಂಥ ಮೌಲ್ಯಗಳು ತುಂಬಿದ್ದರೆ ಟರ್ಮಿನಲ್ ನಿಧಾನವಾಗಿದೆ. ಕೆಲವು ಅಕ್ಷರ ಸರಿ, ಕೆಲವು ತಪ್ಪು, ತಪ್ಪಿದ್ದರಲ್ಲೆಲ್ಲ ಮೇಲಿನ ಬಿಟ್ ಮಾತ್ರ ಹೆಚ್ಚಾಗಿದ್ದರೆ ಬಾಡ್ ದರದ ತಂಟೆಗೆ ಹೋಗಬೇಡಿ, ಅದು ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಹೆಚ್ಚುವರಿ ಬಿಟ್). ಬೋರ್ಡ್ ಏಳು ಬಿಟ್ ಮತ್ತು ಈವನ್ ಪ್ಯಾರಿಟಿಯಲ್ಲಿ ಕಳಿಸಿ ನೀವು 8-ಎನ್-1ರಲ್ಲಿ (ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್) ಓದಿದರೆ, ದೊಡ್ಡ ಎ (41) ಮತ್ತು ಬಿ (42) ಸರಿಯಾಗಿ ಬರುತ್ತವೆ. ಸಿ (43) ಮಾತ್ರ ಹೆಕ್ಸ್ ಸಿ3 ಆಗುತ್ತದೆ, ಏಕೆಂದರೆ ಅದರಲ್ಲಿ ಮೂರು 1ಗಳಿದ್ದು ಪ್ಯಾರಿಟಿ ಬಿಟ್ ಎದ್ದು ನಿಲ್ಲುತ್ತದೆ. ಎಸ್‌ಟಿಎಂ32ರಲ್ಲಿ ಇನ್ನೊಂದು ಸೂಕ್ಷ್ಮ ಇದೆ: ವರ್ಡ್ ಲೆಂಗ್ತ್‌ನಲ್ಲಿ ಪ್ಯಾರಿಟಿಯೂ ಸೇರಿರುತ್ತದೆ. ಎಂಟು ಡೇಟಾ ಬಿಟ್ ಜೊತೆಗೆ ಪ್ಯಾರಿಟಿ ಬೇಕಾದರೆ 9 ಬಿಟ್ ಎಂದು ಇಡಬೇಕು. 8 ಎಂದಿಟ್ಟರೆ ಡೇಟಾಗೆ ಉಳಿಯುವುದು ಏಳೇ.

ಬಾಡ್ ದರ ತಪ್ಪಿದೆ ಎಂದು ಗೊತ್ತಾದ ಮೇಲೆ ಎಷ್ಟು ತಪ್ಪಿದೆ ಎಂದು ಅಳೆಯಿರಿ, ಏಕೆಂದರೆ ಅನುಪಾತದಲ್ಲೇ ಕಾರಣ ಇರುತ್ತದೆ. 115200 ಇರಬೇಕಾದಲ್ಲಿ ಸ್ಕೋಪ್ 36864ರ ಹತ್ತಿರ ತೋರಿಸಿತೆನ್ನಿ. ಭಾಗಿಸಿದರೆ 3.125, ಅಂದರೆ 25ಕ್ಕೆ 8. ಎಸ್‌ಟಿಎಂ32ಎಫ್4 ಡಿಸ್ಕವರಿ ಬೋರ್ಡಿನ ಮೇಲಿರುವುದು 8 ಮೆಗಾಹರ್ಟ್ಜ್ ಕ್ರಿಸ್ಟಲ್. ಹಳೆಯ ಸ್ಟ್ಯಾಂಡರ್ಡ್ ಲೈಬ್ರರಿಯ ಎಚ್‌ಎಸ್‌ಇ ವ್ಯಾಲ್ಯೂ (ಕ್ರಿಸ್ಟಲ್ ಎಷ್ಟು ಎಂದು ಕೋಡಿಗೆ ಹೇಳುವ ಸಂಖ್ಯೆ) ಮೊದಲಿಂದಲೇ 25 ಮೆಗಾಹರ್ಟ್ಜ್. ಪಿಎಲ್‌ಎಲ್ (ಕ್ರಿಸ್ಟಲಿನಿಂದ ಪ್ರೊಸೆಸರಿನ ವೇಗ ತಯಾರಿಸುವ ಭಾಗ) ಅನ್ನು 8ಕ್ಕೆ ತಕ್ಕಂತೆ ತಿದ್ದಿ, ಈ ಸಂಖ್ಯೆಯನ್ನು ತಿದ್ದುವುದು ಮರೆತರೆ ಪ್ರೊಸೆಸರ್ ಸರಿಯಾದ ವೇಗದಲ್ಲೇ ಓಡುತ್ತದೆ, ಬಾಡ್ ದರದ ಲೆಕ್ಕ ಮಾತ್ರ ಹಾಳಾಗುತ್ತದೆ. ಹಾಗೆಯೇ ಇಎಸ್‌ಪಿ8266 ಬೂಟ್ ಆಗುವಾಗ ಮೊದಲ ಸಾಲುಗಳು ಕಸವಾಗಿ ಕಂಡು ಆಮೇಲೆ ಸರಿಹೋದರೆ ಅದು ದೋಷವೇ ಅಲ್ಲ: 26 ಮೆಗಾಹರ್ಟ್ಜ್ ಕ್ರಿಸ್ಟಲಿನಿಂದಾಗಿ ಅದರ ಬೂಟ್ ಸಂದೇಶ 74880 ಬಾಡ್‌ನಲ್ಲಿ ಬರುತ್ತದೆ.

ತಪ್ಪು ಚಿಕ್ಕದಾದಾಗ ಕಷ್ಟ ಹೆಚ್ಚು. ಪಡೆಯುವ ಕಡೆ ಸ್ಟಾರ್ಟ್ ಬಿಟ್‌ನಿಂದ ಎಣಿಸುತ್ತ ಬಂದು ಸ್ಟಾಪ್ ಬಿಟ್‌ನ ನಡುವನ್ನು ಒಂಬತ್ತೂವರೆ ಬಿಟ್ ಆದ ಮೇಲೆ ನೋಡುತ್ತದೆ. ಅಷ್ಟರಲ್ಲಿ ಅರ್ಧ ಬಿಟ್ ಜಾರಿದರೆ ಮುಗಿಯಿತು, ಅಂದರೆ ಎರಡೂ ಕಡೆಯದು ಸೇರಿ ಶೇ. 5 ಮಿತಿ. ತಂತಿಯ ಅಂಚುಗಳು, ಸ್ಯಾಂಪ್ಲಿಂಗ್ ತಪ್ಪು ಎಲ್ಲ ಕಳೆದು ಪ್ರತಿ ಕಡೆಗೆ ಶೇ. 2 ಒಳಗೆ ಇಟ್ಟುಕೊಳ್ಳುವುದು ಕ್ಷೇಮ. 16 ಮೆಗಾಹರ್ಟ್ಜ್‌ನ ಎಟಿಮೆಗಾ328ಪಿ 115200ಕ್ಕೆ ಸರಿಯಾಗಿ ಭಾಗವಾಗುವುದಿಲ್ಲ: ಸಾಮಾನ್ಯ ಮೋಡಿನಲ್ಲಿ ಶೇ. 3.5 ಕಡಿಮೆ, ಯು2ಎಕ್ಸ್ ಬಿಟ್ ಹಾಕಿದರೆ ಶೇ. 2.1 ಹೆಚ್ಚು. 9600ರಲ್ಲಿ ತಪ್ಪು ಶೇ. 0.2 ಮಾತ್ರ. ಕ್ರಿಸ್ಟಲ್ ಇಲ್ಲದೆ ಅದರ ಒಳಗಿನ 8 ಮೆಗಾಹರ್ಟ್ಜ್ ಆಸಿಲೇಟರ್ ಮೇಲೆ ಓಡಿಸಿದರೆ ಕಾರ್ಖಾನೆಯ ಖಾತರಿ ಶೇ. 10ರಷ್ಟು ಹೆಚ್ಚುಕಡಿಮೆ; ಕ್ಯಾಲಿಬ್ರೇಟ್ ಮಾಡದೆ ಸೀರಿಯಲಿಗೆ ನಂಬುವಂತಿಲ್ಲ. ಒಂದೊಂದೇ ಅಕ್ಷರ ಕಳಿಸಿದಾಗ ಸರಿ, ಉದ್ದನೆಯ ಸಾಲು ಕಳಿಸಿದಾಗ ತಪ್ಪು ಎಂಬುದು ಈ ಅಂಚಿನ ಸ್ಥಿತಿಯ ಲಕ್ಷಣ. ಕಳಿಸುವ ಕಡೆ ಎರಡು ಸ್ಟಾಪ್ ಬಿಟ್ ಇಟ್ಟಾಗ ಸುಧಾರಿಸಿದರೆ ಅನುಮಾನ ಬೇಡ, ಕ್ಲಾಕ್ ಲೆಕ್ಕಕ್ಕೆ ಹಿಂತಿರುಗಿ.

ಒಂದೇ ದಿಕ್ಕಿನಲ್ಲಿ ಕೆಲಸ

ಬೋರ್ಡಿನ ಆರ್‌ಎಕ್ಸ್ ಪಿನ್ನಿನ ಮೇಲೆ ಮೀಟರ್ ಇಡಿ. ಏನೂ ಕಳಿಸದಿರುವಾಗ 3.3 ಇರಬೇಕು. 1ರಿಂದ 2 ವೋಲ್ಟಿನ ನಡುವೆ ಎಲ್ಲೋ ನಿಂತಿದ್ದರೆ ಎರಡು ಟಿಎಕ್ಸ್‌ಗಳು ಒಂದೇ ತಂತಿಯಲ್ಲಿ ಹಗ್ಗಜಗ್ಗಾಟಕ್ಕೆ ಬಿದ್ದಿರಬಹುದು: ಬೋರ್ಡಿನ ಮೇಲಿರುವ ಯುಎಸ್‌ಬಿ ಚಿಪ್ ಒಂದು, ನೀವು ಹೊರಗಿನಿಂದ ತಂದ ಮಾಡ್ಯೂಲ್ ಇನ್ನೊಂದು. ಆರ್ಡ್ವಿನೊ ಯೂನೊದಲ್ಲಿ ಯುಎಸ್‌ಬಿ ಚಿಪ್‌ನ ದಾರಿಯಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಇರುವುದರಿಂದ ಹೊರಗಿನ ಸಾಧನ ಗೆಲ್ಲುತ್ತದೆ, ಆದರೆ ಆಗ ಅಪ್‌ಲೋಡ್ ಆಗುವುದಿಲ್ಲ. ಉಳಿದ ಬೋರ್ಡುಗಳಲ್ಲಿ ಇಂಥ ಏರ್ಪಾಡು ಇದೆಯೇ ಎಂದು ಸ್ಕೀಮ್ಯಾಟಿಕ್‌ನಲ್ಲಿ ನೋಡಿ. ಇಲ್ಲದಿದ್ದರೆ ಒಂದನ್ನು ಕಳಚಲೇಬೇಕು.

ಬೋರ್ಡಿಗೆ ಪವರ್ ಇಲ್ಲದಿರುವಾಗಲೂ ಎಲ್‌ಇಡಿ ಮಂಕಾಗಿ ಉರಿದರೆ ಅಡಾಪ್ಟರಿನ ಟಿಎಕ್ಸ್‌ನಿಂದ ಪ್ರೊಸೆಸರಿನ ರಕ್ಷಣಾ ಡಯೋಡ್ ಮೂಲಕ ವಿದ್ಯುತ್ ಒಳಗೆ ಹೋಗುತ್ತಿದೆ. 3.3ರ ಲೈನ್ ಪೂರ್ತಿ ಸೊನ್ನೆಗೆ ಇಳಿಯದ ಕಾರಣ ಪವರ್ ಆಫ್-ಆನ್ ಮಾಡಿದರೂ ಸರಿಯಾಗಿ ರೀಸೆಟ್ ಆಗುವುದಿಲ್ಲ. ಆ ತಂತಿಗೆ ಸರಣಿಯಲ್ಲಿ 1 ಕಿಲೋ ಓಮ್ ಹಾಕಿದರೆ ಸಾಮಾನ್ಯವಾಗಿ ಸಾಕು.

ಓಡುತ್ತಿದ್ದುದು ನಿಂತುಬಿಟ್ಟರೆ

ರೀಸೆಟ್ ಮಾಡಿದಾಗ ಮತ್ತೆ ಸರಿಹೋಗುವ ದೋಷ ಬಹುತೇಕ ಓವರ್‌ರನ್ (ಹಿಂದಿನ ಬೈಟ್ ಓದುವ ಮುನ್ನವೇ ಮುಂದಿನದು ಬಂದು ಬೀಳುವುದು). 115200ರಲ್ಲಿ 87 ಮೈಕ್ರೊಸೆಕೆಂಡಿಗೊಂದು ಬೈಟ್ ಬರುತ್ತದೆ. ಇಂಟರಪ್ಟ್ ಒಳಗೇ ಇಪ್ಪತ್ತು ಅಕ್ಷರದ ಸಂದೇಶವೊಂದನ್ನು ಕಾದು ಮುದ್ರಿಸಿದರೆ 1.7 ಮಿಲಿಸೆಕೆಂಡ್ ಹೋಗುತ್ತದೆ, ಅಷ್ಟರಲ್ಲಿ ಇಪ್ಪತ್ತು ಬೈಟ್‌ಗಳು ಬಂದು ಬಿದ್ದಿರುತ್ತವೆ. ಎಸ್‌ಟಿಎಂ32ರ ಎಚ್‌ಎಎಲ್ ಲೈಬ್ರರಿ ಓವರ್‌ರನ್ ಕಂಡ ಕೂಡಲೇ ಪಡೆಯುವುದನ್ನು ರದ್ದು ಮಾಡುತ್ತದೆ, ತಾನಾಗಿ ಮತ್ತೆ ಶುರು ಮಾಡುವುದಿಲ್ಲ. ಎರರ್ ಕಾಲ್‌ಬ್ಯಾಕ್ ಬರೆದು ಅಲ್ಲಿಂದ ರಿಸೀವ್ ಅನ್ನು ಮತ್ತೆ ಕರೆಯಬೇಕು. ರೆಜಿಸ್ಟರ್ ಮಟ್ಟದಲ್ಲಿ ಬರೆಯುವವರು ನೆನಪಿಡಬೇಕಾದದ್ದು: ಎಫ್4ರಲ್ಲಿ ಓವರ್‌ರನ್ ಧ್ವಜ ಇಳಿಯುವುದು ಸ್ಟೇಟಸ್ ಓದಿ ನಂತರ ಡೇಟಾ ಓದಿದಾಗ; ಎಫ್7, ಎಲ್4, ಎಚ್7ರಲ್ಲಿ ಐಸಿಆರ್ ರೆಜಿಸ್ಟರಿಗೆ ಬರೆದಾಗ.

ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಡೇಟಾ ಸಾಗಿಸುವ ಭಾಗ) ಬಳಸಿ ಹಳೆಯ ಡೇಟಾವೇ ಮತ್ತೆ ಮತ್ತೆ ಕಂಡರೆ ಬಫರ್ ಎಲ್ಲಿದೆ ಎಂದು ನೋಡಿ. ಎಫ್4ರ ಸಿಸಿಎಂ ನೆನಪಿಗೂ ಎಚ್7ರ ಡಿಟಿಸಿಎಂಗೂ ಸಾಮಾನ್ಯ ಡಿಎಂಎ ಕೈ ಎಟುಕುವುದಿಲ್ಲ. ಎಚ್7ರಲ್ಲಿ ಡೇಟಾ ಕ್ಯಾಶ್ ಆನ್ ಇದ್ದರೆ ಬಫರನ್ನು 32 ಬೈಟ್ ಗಡಿಗೆ ಹೊಂದಿಸಿ, ಓದುವ ಮುನ್ನ ಕ್ಯಾಶಿನ ಆ ಭಾಗವನ್ನು ಇನ್‌ವ್ಯಾಲಿಡೇಟ್ ಮಾಡಿ.

ಲಿನಕ್ಸ್ ಓಡಿಸುವ ಬೋರ್ಡುಗಳು

ಯು-ಬೂಟ್ (ಲಿನಕ್ಸನ್ನು ಶುರು ಮಾಡುವ ಬೂಟ್‌ಲೋಡರ್) ಸಂದೇಶಗಳೆಲ್ಲ ಬಂದು "ಸ್ಟಾರ್ಟಿಂಗ್ ಕರ್ನಲ್" ಎಂಬಲ್ಲಿ ನಿಂತರೆ ಹಾರ್ಡ್‌ವೇರ್ ಸರಿಯಿದೆ. ಬೂಟ್‌ಆರ್ಗ್ಸ್‌ನ (ಯು-ಬೂಟ್ ಕರ್ನಲಿಗೆ ಕೊಡುವ ಆಯ್ಕೆಗಳ ಸಾಲು) ಕನ್ಸೋಲ್ ಹೆಸರು ಆ ಪ್ರೊಸೆಸರಿಗೆ ಹೊಂದುತ್ತದೆಯೇ ನೋಡಿ: ಐ.ಎಂಎಕ್ಸ್‌ಗೆ ಟಿಟಿವೈಎಂಎಕ್ಸ್‌ಸಿ, ಜಿಂಕ್‌ಗೆ ಟಿಟಿವೈಪಿಎಸ್, ಎಸ್‌ಟಿಎಂ32ಎಂಪಿ1ಕ್ಕೆ ಟಿಟಿವೈಎಸ್‌ಟಿಎಂ, 8250 ಬಗೆಯದಕ್ಕೆ ಟಿಟಿವೈಎಸ್. ಬೀಗಲ್‌ಬೋನ್‌ನ ಹಳೆಯ ಕರ್ನಲ್‌ಗಳಲ್ಲಿದ್ದ ಟಿಟಿವೈಒ0 ಹೊಸದರಲ್ಲಿ ಟಿಟಿವೈಎಸ್0 ಆಗಿದೆ. ಹೆಸರು ಸರಿಯಿದ್ದರೂ ಮೌನವಾದರೆ ಅರ್ಲಿಕಾನ್ (ಕರ್ನಲ್ ಶುರುವಿನಲ್ಲೇ ಸಂದೇಶ ಕಳಿಸುವ) ಆಯ್ಕೆ ಸೇರಿಸಿ. ಕರ್ನಲ್ ಎಲ್ಲಿ ಬಿದ್ದಿದೆ ಎಂಬುದು ಆಗ ತೋರುತ್ತದೆ.

ರಾಸ್ಪ್‌ಬೆರಿ ಪೈ 3 ಮತ್ತು 4ರಲ್ಲಿ 8 ಮತ್ತು 10ನೇ ಪಿನ್ನಿಗೆ ಮೊದಲಿಂದ ಬಂದಿರುವುದು ಮಿನಿ ಯುಎಆರ್‌ಟಿ, ಪಿಎಲ್011 ಎಂಬ ಒಳ್ಳೆಯ ಯುಎಆರ್‌ಟಿ ಬ್ಲೂಟೂತ್ ಪಾಲಾಗಿದೆ. ಮಿನಿ ಯುಎಆರ್‌ಟಿಯ ಬಾಡ್ ದರ ಕೋರ್ ಕ್ಲಾಕಿಗೆ ಅಂಟಿಕೊಂಡಿದೆ, ಅದರಲ್ಲಿ ಪ್ಯಾರಿಟಿಯೂ ಇಲ್ಲ. ಬ್ಲೂಟೂತ್ ಬೇಡವಾದರೆ ಡಿಸೇಬಲ್-ಬಿಟಿ ಓವರ್‌ಲೇ ಹಾಕಿ ಪಿಎಲ್011 ಮರಳಿ ಪಡೆಯಿರಿ. ಸೆನ್ಸರ್ ಜೋಡಿಸುವವರು ಸೀರಿಯಲ್ ಲಾಗಿನ್ ಕನ್ಸೋಲ್ ಆಫ್ ಮಾಡಬೇಕು. ಇಲ್ಲದಿದ್ದರೆ ಲಾಗಿನ್ ಪ್ರಾಂಪ್ಟ್ ಸೆನ್ಸರಿಗೆ ಹೋಗಿ, ಸೆನ್ಸರಿನ ಉತ್ತರ ಲಾಗಿನ್ ಹೆಸರಾಗಿ ಓದಿಸಿಕೊಳ್ಳುತ್ತದೆ.

ಮೇಜಿನ ಮೇಲೆ ಬೂಟ್ ಆಗುವ ಬೋರ್ಡ್, ಸೀರಿಯಲ್ ಕೇಬಲ್ ಕಿತ್ತು ಪೆಟ್ಟಿಗೆಯೊಳಗೆ ಕೂರಿಸಿದ ಮೇಲೆ ಒಮ್ಮೊಮ್ಮೆ ಬೂಟ್ ಆಗದೆ ಉಳಿಯುವುದುಂಟು. ತೇಲುತ್ತಿರುವ ಆರ್‌ಎಕ್ಸ್ ಪಿನ್ನಿನ ಸದ್ದನ್ನು ಯು-ಬೂಟ್ ಕೀಲಿ ಒತ್ತಿದಂತೆ ಭಾವಿಸಿ ಪ್ರಾಂಪ್ಟಿನಲ್ಲಿ ನಿಂತಿರುತ್ತದೆ. ಆರ್‌ಎಕ್ಸ್‌ನಿಂದ 3.3 ವೋಲ್ಟಿಗೆ 10 ಕಿಲೋ ಓಮ್ ಹಾಕಿ. ಬೋರ್ಡಿಗೆ ಬೆಸುಗೆ ಹಾಕಲು ಆಗದಿದ್ದರೆ ಬೂಟ್‌ಡಿಲೇ ಮೌಲ್ಯವನ್ನು ಮೈನಸ್ 2 ಮಾಡಿ. ಆಗ ಕೀಲಿ ಬಂದಿದೆಯೇ ಎಂದು ಯು-ಬೂಟ್ ನೋಡುವುದೇ ಇಲ್ಲ. ಆದರೆ ಮುಂದೆ ಪ್ರಾಂಪ್ಟಿಗೆ ಹೋಗುವ ಸುಲಭದ ದಾರಿಯೂ ಮುಚ್ಚುವುದರಿಂದ, ಎಸ್‌ಡಿ ಕಾರ್ಡಿನಂಥ ಬೇರೆ ಮರಳುವ ದಾರಿ ಇರುವ ಬೋರ್ಡಿನಲ್ಲಿ ಮಾತ್ರ ಹೀಗೆ ಮಾಡಿ.